ಗಂಟೆ ಎಣಿಸಿದರೆ ದುಡಿಮೆ ಹೆಚ್ಚೀತೆ?

ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೊಸಿಸ್ ಸಹಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ ಅವರು 2023ರ ಅಕ್ಟೋಬರಿನಲ್ಲಿ ಹೇಳಿದಾಗ ಎದ್ದ ಚರ್ಚೆ ಇನ್ನೂ ತಣಿದಿಲ್ಲ. ಐ.ಟಿ. ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಗಳವರೆಗೆ ವಿಸ್ತರಿಸುವ ಪ್ರಸ್ತಾವ 2024ರ ಜುಲೈನಲ್ಲಿ ಕರ್ನಾಟಕ ಸರ್ಕಾರದ ಮುಂದೆ ಬಂದು, ನೌಕರರ ಸಂಘಟನೆಯ ಪ್ರತಿಭಟನೆಯನ್ನು ಎದುರಿಸಿತು. 2025ರ ಜನವರಿಯಲ್ಲಿ ಬಹಿರಂಗವಾದ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ ಮಾತಿನಲ್ಲಿ ವಾರದ ಲೆಕ್ಕ 90 ಗಂಟೆಗೆ ಏರಿತು. ಪರವಾಗಿ ವಾದಿಸಿದವರೂ ವಿರೋಧಿಸಿದವರೂ ದುಡಿಮೆಯನ್ನು ಗಡಿಯಾರದಿಂದಲೇ ಅಳೆದರು. ಪ್ರಶ್ನಿಸಬೇಕಾದದ್ದು ಈ ಅಳತೆಗೋಲನ್ನೇ.

ಇತಿಹಾಸ ಈ ವಿಷಯದಲ್ಲಿ ಮೌನವಾಗಿಲ್ಲ. ಜರ್ಮನಿಯ ಯೇನಾ ನಗರದ ಝೈಸ್ ಕಾರ್ಖಾನೆಯಲ್ಲಿ ಅರ್ನ್ಸ್ಟ್ ಅಬೆ 1900ರಲ್ಲಿ ದಿನದ ದುಡಿಮೆಯನ್ನು 9 ಗಂಟೆಯಿಂದ 8ಕ್ಕೆ ಇಳಿಸಿದರು. ಉತ್ಪಾದನೆ ಕುಸಿಯುವ ಬದಲು ತುಸು ಹೆಚ್ಚಿತು. ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ದಾಖಲೆಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ 2014ರಲ್ಲಿ ಮರುಪರಿಶೀಲಿಸಿದರು. ವಾರಕ್ಕೆ 70 ಗಂಟೆ ದುಡಿದವರ ಉತ್ಪನ್ನಕ್ಕೂ 56 ಗಂಟೆ ದುಡಿದವರ ಉತ್ಪನ್ನಕ್ಕೂ ಹೆಚ್ಚಿನ ಅಂತರವಿರಲಿಲ್ಲ. ಮಿಕ್ಕ 14 ಗಂಟೆಗಳು ಬಹುಮಟ್ಟಿಗೆ ವ್ಯರ್ಥವಾಗಿದ್ದವು.

ಕಾರಣ ಸರಳವಾದದ್ದು. ದಿನದ 24 ಗಂಟೆಗಳನ್ನು ಹಿಗ್ಗಿಸಲಾಗದು. ಮನುಷ್ಯನ ಕಸುವಾದರೋ ವ್ಯಯವಾಗುತ್ತದೆ, ವಿಶ್ರಾಂತಿಯಿಂದ ಮತ್ತೆ ತುಂಬಿಕೊಳ್ಳುತ್ತದೆ. ಟೋನಿ ಶ್ವಾರ್ಟ್ಸ್ ಮತ್ತು ಕ್ಯಾಥರೀನ್ ಮೆಕಾರ್ಥಿ 2007ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಪ್ರತಿಪಾದಿಸಿದ್ದು ಇದನ್ನೇ: ಸಮಯಕ್ಕಿಂತ ಮುಖ್ಯವಾಗಿ ದೇಹ, ಭಾವನೆ, ಬುದ್ಧಿ ಹಾಗೂ ಬದುಕಿನ ಉದ್ದೇಶ, ಈ ನಾಲ್ಕು ಮೂಲಗಳಿಂದ ಬರುವ ಶಕ್ತಿಯನ್ನು ನಿರ್ವಹಿಸಬೇಕು. ಸಾಕಷ್ಟು ನಿದ್ರೆ, ಒಂದೂವರೆ ಎರಡು ಗಂಟೆಗೊಮ್ಮೆ ಚಿಕ್ಕ ವಿರಾಮ, ಏಕಾಗ್ರತೆ ಬೇಡುವ ಕೆಲಸದ ವೇಳೆ ಫೋನು ಮತ್ತು ಇಮೇಲ್‌ನಿಂದ ದೂರವಿರುವುದು ಅವರ ಸಲಹೆಗಳು.

ಸಲಹೆಗಳೇನೋ ಒಳ್ಳೆಯವು. ಆದರೆ ನೌಕರನ ಕಸುವು ಅವನ ಕೈಯಲ್ಲಷ್ಟೇ ಇದೆಯೇ? ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಂತೆ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ ಬೇಕಿತ್ತು. ಕಚೇರಿ ತಲುಪುವ ಮೊದಲೇ ಮೈಮನಸ್ಸು ದಣಿದಿರುತ್ತವೆ. ಸಂಜೆ ಮನೆಗೆ ಬಂದವರನ್ನು ಅಮೆರಿಕದ ಹಗಲಿಗೆ ಹೊಂದಿಸಿದ ಸಭೆಗಳು ಕಾದಿರುತ್ತವೆ. ಮಹಿಳೆಯರ ಪಾಲಿಗೆ ಮನೆಯೂ ದುಡಿಮೆಯ ತಾಣವೇ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ 289 ನಿಮಿಷ ವ್ಯಯಿಸಿದರೆ ಪುರುಷರು 88 ನಿಮಿಷ ವ್ಯಯಿಸುತ್ತಾರೆ. ಇಂಥವರಿಗೆ ವಿರಾಮದ ಮಹತ್ವವನ್ನು ಬೋಧಿಸಿ ಸುಮ್ಮನಾಗುವುದು ಹೊಣೆಯನ್ನು ಜಾರಿಸಿಕೊಂಡಂತೆ.

ಈ ಉದಾಸೀನದ ಬೆಲೆ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಹಾಗೂ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಅಧಿಕ. ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಅಧಿಕ.

ಗೇಟಿನಲ್ಲಿ ಕಾರ್ಡು ತೋರಿಸಿ ಒಳಹೊಕ್ಕ ಗಂಟೆಗಳನ್ನು ಎಣಿಸುವುದು ಆಡಳಿತ ವರ್ಗಕ್ಕೆ ಸುಲಭ. ಆ ಗಂಟೆಗಳಲ್ಲಿ ಆದ ಕೆಲಸದ ಗುಣವನ್ನು ಅರಿಯಲು ಮಾತ್ರ ವಿವೇಚನೆ ಬೇಕು. ರಾತ್ರಿ ಸಭೆಗೆ ಕೂತವರಿಗೆ ಮರುದಿನ ತಡವಾಗಿ ಬರುವ ಅವಕಾಶ, ದಿನದಲ್ಲಿ ಸಭೆಗಳಿಲ್ಲದ ಕೆಲವು ಗಂಟೆಗಳು, ಕೆಲಸದ ಅವಧಿಯ ನಂತರದ ಕರೆಗಳಿಗೆ ಕಡಿವಾಣ: ಇವು ಯಾವ ಸಂಸ್ಥೆಗೂ ಅಸಾಧ್ಯವಲ್ಲ. ಮನೆಗೆಲಸದ ನ್ಯಾಯವಾದ ಹಂಚಿಕೆಗಂತೂ ಸರ್ಕಾರದ ಆದೇಶ ಬರುವವರೆಗೆ ಕಾಯಬೇಕಾಗಿಲ್ಲ.

ಸೋಮವಾರ ಎತ್ತಿನ ಹೆಗಲಿಗೆ ನೊಗವಿಡದ ಪದ್ಧತಿ ನಮ್ಮ ಅನೇಕ ಹಳ್ಳಿಗಳಲ್ಲಿದೆ. ಅದರ ಹಿಂದೆ ಭಕ್ತಿಯಿದೆ. ದಣಿದ ಎತ್ತಿನಿಂದ ಉಳುಮೆ ಸಾಗದೆಂಬ ಅನುಭವವೂ ಇದೆ. ಎತ್ತಿಗೆ ದೊರೆತ ಈ ಕನಿಷ್ಠ ತಿಳಿವಳಿಕೆ ಗಾಜಿನ ಗೋಡೆಗಳ ಹಿಂದೆ ದುಡಿಯುವ ಮನುಷ್ಯರಿಗೂ ದೊರೆಯಬೇಡವೇ?