ಓಡುವ ಗುರಿಯ ಲೆಕ್ಕ

2024ರ ಜನವರಿಯಲ್ಲಿ ಶಿವಮೊಗ್ಗದ ನವುಲೆ ಕ್ರೀಡಾಂಗಣದಲ್ಲಿ 19 ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿ ಫೈನಲ್ ನಡೆಯಿತು. ಕರ್ನಾಟಕದ ಪ್ರಖರ್ ಚತುರ್ವೇದಿ ಮುಂಬೈ ವಿರುದ್ಧ ಔಟಾಗದೆ 404 ರನ್ ಗಳಿಸಿದರು. ಅಂಥ ಇನಿಂಗ್ಸ್ ನಡೆಯುವಾಗ ಎಲ್ಲರ ಕಣ್ಣೂ ಬ್ಯಾಟಿನ ಮೇಲಿರುತ್ತದೆ. ಚೆಂಡಿನ ಹಿಂದೆ ಓಡುವವರನ್ನು ಗಮನಿಸುವವರು ಕಡಿಮೆ. ಆದರೆ ಅವರ ಓಟದಲ್ಲಿ ಭೌತಶಾಸ್ತ್ರದ ಸೊಗಸಾದ ಪಾಠವೊಂದಿದೆ.

ಚೆಂಡು ಬೌಂಡರಿಯ ಕಡೆಗೆ ಉರುಳುತ್ತಿದೆ ಎನ್ನಿ. ಪಕ್ಕದಿಂದ ಬರುವ ಫೀಲ್ಡರ್ ಚೆಂಡು ಈಗಿರುವ ಜಾಗಕ್ಕೆ ಓಡುವುದಿಲ್ಲ. ತಾನು ತಲುಪುವ ಹೊತ್ತಿಗೆ ಅದು ಎಲ್ಲಿರುತ್ತದೋ ಅಲ್ಲಿಗೆ ಓಡುತ್ತಾನೆ. ಈಗಿರುವ ಜಾಗಕ್ಕೆ ಓಡಿದರೆ ಚೆಂಡು ಅವನನ್ನು ದಾಟಿ ಹೋಗಿರುತ್ತದೆ.

ಲಗೋರಿ ಆಡುವ ಮಕ್ಕಳಿಗೂ ಇದು ಗೊತ್ತು. ಓಡುವ ಹುಡುಗನ ಬೆನ್ನಿಗೇ ಗುರಿಯಿಟ್ಟು ಚೆಂಡೆಸೆದರೆ ಅದು ಅವನ ಹಿಂದೆ ಹೋಗಿ ಬೀಳುತ್ತದೆ. ಲೆಕ್ಕ ಮಾಡಿ ನೋಡೋಣ. ಹುಡುಗ 9 ಮೀಟರ್ ದೂರದಲ್ಲಿ, ಎಸೆಯುವವನ ಎದುರು ಅಡ್ಡಲಾಗಿ, ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡುತ್ತಿದ್ದಾನೆ. ಚೆಂಡಿನ ವೇಗ ಸೆಕೆಂಡಿಗೆ 15 ಮೀಟರ್. ಚೆಂಡು 9 ಮೀಟರ್ ಸಾಗಲು 0.6 ಸೆಕೆಂಡು ಬೇಕು. ಅಷ್ಟರಲ್ಲಿ ಹುಡುಗ 3 ಮೀಟರ್ ಮುಂದೆ ಹೋಗಿರುತ್ತಾನೆ. ಆದ್ದರಿಂದ ಅವನಿಗಿಂತ 3 ಮೀಟರ್ ಮುಂದಕ್ಕೆ ಎಸೆಯಬೇಕು.

ಹೀಗೆ ಗುರಿಗಿಂತ ಮುಂದೆ ಹಿಡಿಯುವ ಅಂತರವನ್ನು ಶೂಟಿಂಗ್ ಕ್ರೀಡೆಯಲ್ಲಿ 'ಲೀಡ್' ಎನ್ನುತ್ತಾರೆ. ಆ ಕ್ರೀಡೆಯ ಒಂದು ವಿಭಾಗವಂತೂ ಪೂರ್ತಿ ಇದರ ಮೇಲೆಯೇ ನಿಂತಿದೆ. ಅದೇ ಹಾರುವ ಬಿಲ್ಲೆಗಳಿಗೆ ಗುಂಡು ಹೊಡೆಯುವ ಸ್ಪರ್ಧೆ. ಇಂಗ್ಲಿಷಿನಲ್ಲಿ ಆ ಬಿಲ್ಲೆಗೆ 'ಕ್ಲೇ' ಎಂದರೆ ಜೇಡಿಮಣ್ಣು ಎಂಬ ಹೆಸರಿದ್ದರೂ, ಈಗ ಅದನ್ನು ಮಾಡುವುದು ಸುಣ್ಣಕಲ್ಲಿನ ಪುಡಿ ಮತ್ತು ರಾಳದಂಥ ಅಂಟಿನಿಂದ. ಅಡ್ಡಳತೆ 11 ಸೆಂ.ಮೀ., ತೂಕ ಸುಮಾರು 105 ಗ್ರಾಂ. ಯಂತ್ರವೊಂದು ಅದನ್ನು ಗಾಳಿಗೆ ಎಸೆಯುತ್ತದೆ. ಕೋವಿಯ ತೋಟಾದಿಂದ ನೂರಾರು ಸಣ್ಣ ಚರೆಗಳು ಹೊರಟು ಅದನ್ನು ಒಡೆಯಬೇಕು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದದ್ದು ಇಂಥ ಸ್ಪರ್ಧೆಯಲ್ಲೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸ್ಕೀಟ್ ಮಿಶ್ರ ತಂಡ ಸ್ಪರ್ಧೆಯಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತ್‌ಜೀತ್ ಸಿಂಗ್ ನರೂಕಾ ಜೋಡಿ ಕಂಚಿನ ಪದಕವನ್ನು 43–44ರಿಂದ ಕಳೆದುಕೊಂಡಿತು. ಒಂದೇ ಒಂದು ಬಿಲ್ಲೆಯ ಅಂತರ!

ಈಗ ಬಿಲ್ಲೆಯ ಲೆಕ್ಕ. ಅದು ಸೆಕೆಂಡಿಗೆ 25 ಮೀಟರ್, ಅಂದರೆ ಗಂಟೆಗೆ 90 ಕಿ.ಮೀ. ವೇಗದಲ್ಲಿ 21 ಮೀಟರ್ ದೂರದಲ್ಲಿ ಅಡ್ಡ ಹಾರುತ್ತಿದೆ ಎಂದುಕೊಳ್ಳಿ. ಚರೆಗಳ ಸರಾಸರಿ ವೇಗ ಸೆಕೆಂಡಿಗೆ 350 ಮೀಟರ್ ಎಂದರೆ ಅವು ಅಲ್ಲಿಗೆ ತಲುಪಲು 0.06 ಸೆಕೆಂಡು ಬೇಕು. ಅಷ್ಟರಲ್ಲಿ ಬಿಲ್ಲೆ 1.5 ಮೀಟರ್ ಸರಿದಿರುತ್ತದೆ. ಆ ದೂರದಲ್ಲಿ ಚರೆಗಳು ಹರಡಿಕೊಳ್ಳುವ ಅಗಲ ಒಂದು ಮೀಟರಿಗೂ ಕಡಿಮೆ. ಹೀಗಾಗಿ ಬಿಲ್ಲೆಗೇ ನೇರವಾಗಿ ಹೊಡೆದರೆ ಒಂದು ಚರೆಯೂ ತಾಗುವುದಿಲ್ಲ.

ಬಿಲ್ಲೆ ಅಡ್ಡಲಾಗಿ ಹೋಗದೆ ಓರೆಯಾಗಿ ದೂರ ಸರಿದರೆ ಲೀಡ್ ಕಡಿಮೆ ಸಾಕು. ದೃಷ್ಟಿರೇಖೆಗೆ 30 ಡಿಗ್ರಿ ಕೋನದಲ್ಲಿ ಹೋಗುವ ಬಿಲ್ಲೆಗೆ ಅರ್ಧದಷ್ಟು ಸಾಕು. ಹತ್ತನೇ ತರಗತಿಯ ವಿದ್ಯಾರ್ಥಿಗಳಿಗೆ ಕಾರಣ ಹೊಳೆಯಬೇಕು: ಸೈನ್ 30 ಡಿಗ್ರಿಯ ಬೆಲೆ ಅರ್ಧ. ನೇರವಾಗಿ ದೂರ ಹೋಗುವ ಬಿಲ್ಲೆಗೆ ಪಕ್ಕಕ್ಕೆ ಲೀಡೇ ಬೇಡ.

ಇಷ್ಟು ಸುಲಭವಾದರೆ ಕೋಷ್ಟಕವೊಂದನ್ನು ಬಾಯಿಪಾಠ ಮಾಡಿದವರೆಲ್ಲ ಪದಕ ಗೆಲ್ಲಬೇಕಿತ್ತು. ತೊಡಕು ಇರುವುದು ನಮ್ಮ ದೇಹದಲ್ಲಿ. ಕಣ್ಣು ಕಂಡದ್ದಕ್ಕೆ ಬೆರಳು ಪ್ರತಿಕ್ರಿಯಿಸಲು ಸುಮಾರು 0.2 ಸೆಕೆಂಡು ಬೇಕು. ಅಷ್ಟರಲ್ಲಿ ನಮ್ಮ ಬಿಲ್ಲೆ 5 ಮೀಟರ್ ಹಾರಿರುತ್ತದೆ! ಕೋವಿಯನ್ನು ಒಂದೆಡೆ ನಿಲ್ಲಿಸಿ, ಬಿಲ್ಲೆ ಸರಿಯಾದ ಜಾಗಕ್ಕೆ ಬಂದಾಗ ಕುದುರೆ ಎಳೆಯಲು ಹೊರಟವನು ಚರೆಗಳ ಪ್ರಯಾಣದ ಒಂದೂವರೆ ಮೀಟರಿನ ಜೊತೆಗೆ ಈ 5 ಮೀಟರನ್ನೂ ಲೆಕ್ಕ ಹಿಡಿಯಬೇಕು. ಅದು ಪ್ರತಿ ಬಾರಿ ಒಂದೇ ಸಮ ಇರುವುದೂ ಇಲ್ಲ.

ಇದಕ್ಕೆ ಉಪಾಯವಿದೆ. ಕೋವಿಯ ನಳಿಗೆ ಬಿಲ್ಲೆಯ ಜೊತೆಜೊತೆಗೇ ತಿರುಗುತ್ತಿರಬೇಕು. ಆಗ ಮೆದುಳು ಆಜ್ಞೆ ಕೊಟ್ಟು ಬೆರಳು ಕುದುರೆ ಎಳೆಯುವ ಹೊತ್ತಿಗೆ ಬಿಲ್ಲೆಯಂತೆಯೇ ನಳಿಗೆಯೂ ಮುಂದೆ ಹೋಗಿರುತ್ತದೆ. ದೇಹದ ವಿಳಂಬ ಎರಡೂ ಕಡೆ ಸೇರಿ ವಜಾ ಆಗುತ್ತದೆ. ಉಳಿಯುವುದು ಚರೆಗಳು ಸಾಗುವ ಹೊತ್ತಿನ ಒಂದೂವರೆ ಮೀಟರ್ ಮಾತ್ರ. ಒಂದೇ ವೇಗದಲ್ಲಿ ಅಕ್ಕಪಕ್ಕ ಓಡುವ ಎರಡು ಬಸ್ಸುಗಳ ಪ್ರಯಾಣಿಕರಿಗೆ ಎದುರು ಬಸ್ಸು ನಿಂತಂತೆ ಕಾಣುವುದಿಲ್ಲವೆ? ಪಾಠಪುಸ್ತಕದ ಸಾಪೇಕ್ಷ ವೇಗ ಇದೇ.

ಹೊಸಬರು ಹೆಚ್ಚಾಗಿ ಬಿಲ್ಲೆಯ ಹಿಂದಕ್ಕೆ ಹೊಡೆಯುವ ಕಾರಣವೂ ಇದರಿಂದ ತಿಳಿಯುತ್ತದೆ. ಲೀಡ್ ಸರಿಯಿದೆಯೇ ಎಂದು ನೋಡಲು ಅವರು ಬಿಲ್ಲೆಯಿಂದ ಕಣ್ಣು ತೆಗೆದು ನಳಿಗೆಯ ತುದಿಯನ್ನು ನೋಡುತ್ತಾರೆ. ಕೂಡಲೇ ಕೈ ನಿಧಾನವಾಗುತ್ತದೆ, ಬಿಲ್ಲೆ ಮುಂದೆ ಹೋಗಿಬಿಡುತ್ತದೆ. ಅದಕ್ಕೇ ತರಬೇತುದಾರರು ಬಿಲ್ಲೆಯನ್ನೇ ನೋಡು, ಹೊಡೆದ ಮೇಲೂ ಕೈ ನಿಲ್ಲಿಸಬೇಡ ಎನ್ನುತ್ತಾರೆ. ಲೆಕ್ಕ ಕಾಗದದ ಮೇಲೆ ತಿಳಿಯುತ್ತದೆ. ಅಂದಾಜು ಮಾತ್ರ ತಪ್ಪಿ, ಎಷ್ಟು ತಪ್ಪಿತು ಎಂದು ನೋಡಿಕೊಂಡು, ಮತ್ತೆ ಹೊಡೆದಾಗಲೇ ಕೂಡಿಬರುತ್ತದೆ.

ಕೋವಿಯ ಅಭ್ಯಾಸಕ್ಕೆ ಪರವಾನಗಿ ಇರುವ ಶೂಟಿಂಗ್ ರೇಂಜ್, ತರಬೇತುದಾರರು ಬೇಕು. ಅಂದಾಜಿನ ಅಭ್ಯಾಸಕ್ಕೆ ಹಳೆಯ ಸೈಕಲ್ ಟೈರು, ರಬ್ಬರ್ ಚೆಂಡು ಸಾಕು. ಮೈದಾನದಲ್ಲಿ ಒಬ್ಬರು ಟೈರನ್ನು ಅಡ್ಡಲಾಗಿ ಉರುಳಿಸಲಿ. 6 ಮೀಟರ್ ದೂರದಿಂದ ಇನ್ನೊಬ್ಬರು ಚೆಂಡನ್ನು ಅದರೊಳಗೆ ತೂರಿಸಲಿ. ಮೊದಲು ನಿಂತಲ್ಲೇ ಕಾದು ಎಸೆಯುವುದು, ಆಮೇಲೆ ಕೈ, ಕಣ್ಣು, ಸೊಂಟವನ್ನು ಟೈರಿನ ಜೊತೆ ತಿರುಗಿಸುತ್ತ ಎಸೆಯುವುದು, ತಲಾ 20 ಬಾರಿ. ಚೆಂಡು ಮುಂದೆ ಹೋಯಿತೋ ಹಿಂದೆ ಹೋಯಿತೋ ಎಂದು ಮೂರನೆಯವರು ಬರೆದುಕೊಳ್ಳಲಿ. ಎರಡು ಪಟ್ಟಿಗಳನ್ನು ಹೋಲಿಸಿದರೆ ಒಳ್ಳೆಯ ವಿಜ್ಞಾನ ಪ್ರಯೋಗವಾಗುತ್ತದೆ.

ತಂದೆತಾಯಿಯರು ಗಮನಿಸಬೇಕಾದ ಮಾತೊಂದಿದೆ. ಚಲಿಸುವ ವಸ್ತು ಸ್ವಲ್ಪ ಹೊತ್ತಿನ ನಂತರ ಎಲ್ಲಿರುತ್ತದೆ ಎಂಬ ಇದೇ ಅಂದಾಜನ್ನು ಮಕ್ಕಳು ದಿನವೂ ರಸ್ತೆ ದಾಟುವಾಗ ಮಾಡುತ್ತಾರೆ. ನವುಲೆಯ ಮೂಲಕ ಹಾದುಹೋಗುವ ಸವಳಂಗ ರಸ್ತೆಯನ್ನೇ ತೆಗೆದುಕೊಳ್ಳಿ. 7 ಮೀಟರ್ ಅಗಲವನ್ನು ನಡೆದು ದಾಟಲು ಮಗುವಿಗೆ ಸುಮಾರು 6 ಸೆಕೆಂಡು ಬೇಕು. ಗಂಟೆಗೆ 50 ಕಿ.ಮೀ. ವೇಗದ ವಾಹನ ಅಷ್ಟರಲ್ಲಿ 80 ಮೀಟರಿಗೂ ಹೆಚ್ಚು ದೂರ ಬಂದಿರುತ್ತದೆ. ಅಡ್ಡ ಹೋಗುವ ಚೆಂಡಿನ ವೇಗ ಕಣ್ಣಿಗೆ ಚೆನ್ನಾಗಿ ತಿಳಿಯುತ್ತದೆ. ಎದುರಿನಿಂದ ಬರುವ ವಾಹನ ಪಕ್ಕಕ್ಕೆ ಸರಿಯುವುದಿಲ್ಲ, ಗಾತ್ರದಲ್ಲಿ ನಿಧಾನವಾಗಿ ಹಿಗ್ಗುತ್ತದೆ ಅಷ್ಟೆ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರ ಪ್ರಕಾರ, 5 ಸೆಕೆಂಡಿನಷ್ಟು ದೂರದಲ್ಲಿರುವ ವಾಹನ ಗಂಟೆಗೆ ಸುಮಾರು 32 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಬರುತ್ತಿದ್ದರೆ, ಅದು ಹತ್ತಿರವಾಗುತ್ತಿದೆ ಎಂಬುದನ್ನೇ ಪ್ರಾಥಮಿಕ ಶಾಲೆಯ ಮಕ್ಕಳ ಕಣ್ಣು ಖಚಿತವಾಗಿ ಗುರುತಿಸಲಾರದು. ಇದು ಮಕ್ಕಳ ಅಜಾಗರೂಕತೆಯಲ್ಲ, ಬೆಳೆಯುತ್ತಿರುವ ಕಣ್ಣು-ಮೆದುಳಿನ ಮಿತಿ.

ಆದ್ದರಿಂದ ರಸ್ತೆಯ ಬದಿಯಲ್ಲಿ ಸುರಕ್ಷಿತ ಜಾಗದಲ್ಲಿ ಮಗುವಿನ ಕೈ ಹಿಡಿದು ನಿಲ್ಲಿ. ದೂರದ ವಾಹನವೊಂದನ್ನು ತೋರಿಸಿ, ಅದು ಹತ್ತಿರದ ಲೈಟು ಕಂಬಕ್ಕೆ ಬರಲು ಎಷ್ಟು ಸೆಕೆಂಡು ಬೇಕು ಎಂದು ಊಹಿಸಲು ಹೇಳಿ. ಆಮೇಲೆ ಇಬ್ಬರೂ ಎಣಿಸಿ. ಮೊದಮೊದಲು ಊಹೆ ತಪ್ಪುತ್ತದೆ. ತಪ್ಪಲಿ, ಕಂಬದ ಪಕ್ಕ ನಿಂತು ತಪ್ಪಿದರೆ ಏನೂ ನಷ್ಟವಿಲ್ಲ. ಮಗು ಚಿಕ್ಕದಾಗಿರುವಷ್ಟು ಕಾಲ ದಾಟುವ ತೀರ್ಮಾನ ಮಾತ್ರ ದೊಡ್ಡವರದ್ದೇ ಆಗಿರಲಿ.