ಕರಡಿಯ ಚಿತ್ರವೂ ಬೆಲ್ಲದ ಬಂಡೆಯೂ

ಕಾಡುಕರಡಿಗಳ ಜೀವನವನ್ನು ತೋರಿಸುವ ಕಿರುಚಿತ್ರಗಳನ್ನು ಶಾಲೆಯ ವೇಳೆಯಲ್ಲಿ ಮಕ್ಕಳ ಮುಂದಿಡುವದು ಅಭ್ಯಾಸಕ್ಕೆ ಅಡ್ಡಿಯೆಂದು ಕೆಲವು ಪಾಲಕರು ಹೇಳುವದುಂಟು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಬಯಲುಸೀಮೆಯಲ್ಲಿ ಕಬ್ಬು ತಂಬಾಕುಗಳ ನಡುವೆ ಬೆಳೆಯುವ ಹುಡುಗಿಯರಿಗೆ ಕರಡಿಯಿಂದೇನು ಪ್ರಯೋಜನವೆಂದು ಅವರು ಕೇಳುತ್ತಾರೆ. ಈ ಮಾತನ್ನು ನಾವು ಒಪ್ಪಲಾರೆವು.

ಹಿಂದಿನ ತಲೆಮಾರಿನವರು ಕಂಡ ಕರಡಿಯಾದರೂ ಯಾವದು? ಸಂತೆಯಲ್ಲಿ ಕುಣಿಯುತ್ತಿದ್ದ ಕರಡಿ. ಅದರ ಮೂತಿಯನ್ನು ಕೊರೆದು ಹಗ್ಗ ಪೋಣಿಸಿದ್ದರೂ ಜನರು ನಕ್ಕು ಕಾಸು ಕೊಟ್ಟು, ಅದರ ಕೂದಲಿನ ತಾಯಿತವನ್ನು ಕೂಸುಗಳ ಕೊರಳಿಗೆ ಕಟ್ಟುತ್ತಿದ್ದರು. 1972ರ ವನ್ಯಜೀವಿ ಕಾಯಿದೆಯಾದ ಮೇಲೂ ಆ ಆಟವು ಅನೇಕ ವರ್ಷ ನಡೆದೇ ಇದ್ದಿತು. ಹಗ್ಗವಿಲ್ಲದ ಕರಡಿಯನ್ನು ಮಕ್ಕಳು ಕಾಣುವದು ಚಿತ್ರದಲ್ಲಿಯೇ ಸರಿ.

ಆದರೆ ಚಿತ್ರವು ಯಾವ ಕರಡಿಯದು ಎಂಬದನ್ನು ಶಿಕ್ಷಕಿಯರು ಮೊದಲು ವಿಚಾರಿಸಬೇಕು. ಹೊರದೇಶದ ಚಿತ್ರಗಳಲ್ಲಿ ಅಲಾಸ್ಕದ ಕಂದುಕರಡಿಯು ಹೊಳೆಯಲ್ಲಿ ನಿಂತು ಮೀನು ಹಿಡಿಯುತ್ತದೆ, ಚಳಿಗಾಲವನ್ನೆಲ್ಲ ಗವಿಯಲ್ಲಿ ಮಲಗಿ ಕಳೆಯುತ್ತದೆ. (ದಾವೀದನು ಕುರಿಗಾಗಿ ಕೊಂದ ಕರಡಿಯೂ ಆ ಕಂದು ಕುಲದ್ದೇ.) ನಮ್ಮ ಕಾಡಿನದು ಬೇರೆ. ಉದ್ದ ಉಗುರುಗಳಿಂದ ಹುತ್ತವನ್ನು ಕೆದರಿ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಮೇಲ್ದವಡೆಯಲ್ಲಿ ಎರಡು ಮುಂದಿನ ಹಲ್ಲುಗಳಿಲ್ಲದ ಸಂದಿನಿಂದ ಗೆದ್ದಲನ್ನು ಸೊರ್ರೆಂದು ಹೀರುವದು. ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವದು.

ಬಳ್ಳಾರಿ ಸೀಮೆಯ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ಅಲ್ಲಿ ಬಂಡೆಗಳಿಗೆ ಬೆಲ್ಲದ ಪಾಕವನ್ನು ಬಳಿಯುತ್ತಾರೆ. ಸಂಜೆಗೆ ಕರಡಿಗಳು ಇಳಿದುಬಂದು ನೆಕ್ಕುತ್ತವೆ, ನೋಡುವವರು ಗೋಪುರದಿಂದ ನೋಡುತ್ತಾರೆ. ಇದರಿಂದ ಕಾಡಿಗೆ ಅಭಿಮಾನಿಗಳು ದೊರೆತರೆಂಬದು ನಿಜ. ಆದರೂ ಅಂಥ ದೃಶ್ಯವನ್ನು ತೋರಿಸುವಾಗ ಬೆಲ್ಲದ ಸಂಗತಿಯನ್ನು ಮುಚ್ಚಿಡುವದು ಸುಳ್ಳು ಹೇಳಿದಂತೆ. ಗಾಣದ ಮನೆಯ ಹೊಗೆಯಲ್ಲಿ ಬೆಳೆದ ನಮ್ಮ ಹುಡುಗಿಯರಿಗೆ ಬೆಲ್ಲಕ್ಕೆ ಯಾರು ಯಾರು ಬರುತ್ತಾರೆಂಬದು ತಿಳಿಯದ ಮಾತಲ್ಲ. ಅವರಿಗೆ ಹೇಳಿದರೆ ಚಿತ್ರದ ಸೊಗಸು ಕಡಿಮೆಯಾಗದು.

ಚಿತ್ರಗಳು ಬಿಟ್ಟುಬಿಡುವದು ಇನ್ನೊಂದಿದೆ. ನಮ್ಮ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ, 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಸುತ್ತಮುತ್ತ ಕರಡಿಗಳಿವೆ. ಕಟ್ಟಿಗೆ ತರಲು ಹೋದವರಿಗೆ ಪೊದೆಯ ತಿರುವಿನಲ್ಲಿ ಅದು ತಟ್ಟನೆ ಎದುರಾದರೆ, ಬೆದರಿ ಮೋರೆಗೇ ಉಗುರು ಹಾಕುವದು. ಪ್ರಾಣಿಯ ಮೇಲಿನ ಕರುಣೆಯನ್ನು ಕಲಿಸುವ ಚಿತ್ರದಲ್ಲಿ ಆ ಕಟ್ಟಿಗೆಯ ಹೊರೆಗೂ ಎರಡು ನಿಮಿಷ ಸ್ಥಳವಿರಬೇಕೆಂದು ನಾವು ಕೇಳುತ್ತೇವೆ. ಅಂಥ ಚಿತ್ರವು ದೊರೆಯದಿದ್ದಲ್ಲಿ, ದೀಪ ಹೊತ್ತಿಸಿದ ಮೇಲೆ ಶಿಕ್ಷಕಿಯೇ ಆ ಮಾತನ್ನು ಹೇಳಲಿ.