ಬೂಟಿನೊಳಗಿನ ಹಣ

ದೇವರ ಮೇಲೆ ಭಾರ ಹಾಕಿ ಕೈಕಟ್ಟಿ ಕೂರುವುದನ್ನೇ ಭಕ್ತಿ ಎನ್ನುವವರಿದ್ದಾರೆ. ಜಾರ್ಜ್ ಮುಲ್ಲರ್ ಅಂಥವರಲ್ಲ.

1805ರಲ್ಲಿ ಪ್ರಷ್ಯಾದಲ್ಲಿ ಹುಟ್ಟಿದ ಇವರ ತಂದೆ ಸುಂಕ ವಸೂಲಿ ಅಧಿಕಾರಿ. ಮನೆಯಲ್ಲಿಡುತ್ತಿದ್ದ ಸರ್ಕಾರಿ ಹಣ ಆಗಾಗ ಕಡಿಮೆ ಬೀಳುತ್ತಿತ್ತು. ಒಂದು ದಿನ ತಂದೆ ಹಣವನ್ನು ಎಣಿಸಿಟ್ಟು, ಮಗನನ್ನು ಅಲ್ಲೇ ಬಿಟ್ಟು ಹೊರಗೆ ಹೋದರು. ಆಮೇಲೆ ಹುಡುಕಿದರೆ ಹಣ ಇದ್ದದ್ದು ಹುಡುಗನ ಬೂಟಿನೊಳಗೆ, ಪಾದದ ಅಡಿಯಲ್ಲಿ! ಆಗ ಅವನಿಗಿನ್ನೂ ಹತ್ತು ವರ್ಷ ತುಂಬಿರಲಿಲ್ಲ. ಏಟು ಬಿತ್ತು, ಬುದ್ಧಿ ಬರಲಿಲ್ಲ. ಹದಿನಾರನೇ ವಯಸ್ಸಿಗೆ, ತಂಗಿದ್ದ ಹೋಟೆಲುಗಳಿಗೆ ಹಣ ಕೊಡದೆ ಜೈಲು ಸೇರಿದ.

1825ರಲ್ಲಿ, ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ, ಒಂದು ಮನೆಯ ಪ್ರಾರ್ಥನಾಕೂಟಕ್ಕೆ ಹೋದದ್ದು ಅವನನ್ನು ಬದಲಿಸಿತು. 1836ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮುಲ್ಲರ್ ಅನಾಥಾಲಯ ತೆರೆದರು. ಹಣಕ್ಕಾಗಿ ದೇವರ ಮುಂದೆ ಮಾತ್ರ ಮೊರೆ. ಯಾರ ಮುಂದೆಯೂ ಕೈ ಚಾಚುವುದಿಲ್ಲ, ಸಾಲ ಮಾಡುವುದಿಲ್ಲ ಎಂಬುದು ಅವರ ನಿಯಮ. ಆದರೆ ಬಂದ ಕಾಸಿಗೆಲ್ಲ ರಸೀತಿ. ಪ್ರತಿವರ್ಷ ಲೆಕ್ಕಪತ್ರ ಅಚ್ಚಾಗಿ ಎಲ್ಲರ ಕೈಗೆ ಸಿಗುತ್ತಿತ್ತು. ಬೂಟಿನಲ್ಲಿ ಹಣ ಬಚ್ಚಿಟ್ಟ ಹುಡುಗನೇ ಇವರು ಎಂದರೆ ನಂಬುವುದು ಕಷ್ಟ!

1838ರಲ್ಲಿ ಕೈ ಬರಿದಾಯಿತು. ಅದುವರೆಗೆ ಹಣದ ಚಿಂತೆಯನ್ನು ತಮ್ಮೊಳಗೇ ಇಟ್ಟುಕೊಂಡಿದ್ದ ಮುಲ್ಲರ್, ಆಗ ಜೊತೆಯಲ್ಲಿ ದುಡಿಯುತ್ತಿದ್ದವರನ್ನೆಲ್ಲ ಕರೆದು ಇದ್ದ ಸ್ಥಿತಿಯನ್ನು ಬಿಚ್ಚಿ ಹೇಳಿದರು. ಪ್ರಾರ್ಥನೆಗಿಂತ ಇದೇ ಅವರಿಗೆ ಹೆಚ್ಚು ಕಷ್ಟವಾಗಿದ್ದಿರಬೇಕು. ಕೇಳಿದವರು ಕೆಲಸ ಬಿಟ್ಟು ಓಡಲಿಲ್ಲ. ಅವರ ಜೊತೆ ಕೂತು ಪ್ರಾರ್ಥಿಸಿದರು, ತಮ್ಮ ಕೈಯಲ್ಲಿದ್ದುದನ್ನೂ ತಂದುಕೊಟ್ಟರು. 1870ರ ಹೊತ್ತಿಗೆ ಅಲ್ಲಿ ಐದು ದೊಡ್ಡ ಕಟ್ಟಡಗಳಲ್ಲಿ 2,050 ಮಕ್ಕಳಿಗೆ ಜಾಗವಿತ್ತು.